ಗ್ರೀಕ್ ಪುರಾಣದ ಮೂಲಕ ಭಾಷಣ ಬರೆಸುವ ಬಗೆ

ಇಂಗ್ಲಿಷ್ ತರಗತಿಯಲ್ಲಿ ವಿಷಯವೊಂದನ್ನು ಕೊಟ್ಟು ಭಾಷಣ ಬರೆಯಿರಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಪ್ರಬಂಧ. ಯಾರನ್ನು ಒಲಿಸಬೇಕು, ಅವರು ಏಕೆ ಒಪ್ಪುತ್ತಿಲ್ಲ ಎಂಬುದು ಗೊತ್ತಾದಾಗ ಮಾತ್ರ ಬರಹಕ್ಕೆ ಮಾತಿನ ಕಸುವು ಬರುತ್ತದೆ.

ಇದಕ್ಕೆ ಗ್ರೀಕ್ ಕವಿ ಹೋಮರನ, ಟ್ರಾಯ್ ಯುದ್ಧದ ಕಥೆಯುಳ್ಳ ಮಹಾಕಾವ್ಯ ಇಲಿಯಡ್‌ನ 9ನೆಯ ಸರ್ಗಕ್ಕಿಂತ ಒಳ್ಳೆಯ ಪಾಠ ಸಿಗದೆಂಬುದು ನನ್ನ ಅಭಿಪ್ರಾಯ. ಗ್ರೀಕ್ ಪಡೆಯ ನಾಯಕನಾದ ಅರಸ ಅಗಮೆಮ್ನಾನನ ಮೇಲೆ ಮುನಿಸಿಕೊಂಡು ಯುದ್ಧದಿಂದ ದೂರ ಉಳಿದ ವೀರ ಅಕಿಲೀಸನನ್ನು ಒಲಿಸಲು ಮೂವರು ದೂತರು ಮಾತನಾಡುತ್ತಾರೆ. ಅರಸ ಕೊಡಲೊಪ್ಪಿದ 20 ಕಡಾಯಿ, 12 ಕುದುರೆ ಮೊದಲಾದ ಕಾಣಿಕೆಗಳನ್ನೆಲ್ಲ ಒಡಿಸ್ಸಿಯಸ್ ಎಣಿಸಿ ಹೇಳುತ್ತಾನೆ. ಆದರೆ ‘ಅಕಿಲೀಸ್ ನನಗೆ ತಲೆಬಾಗಬೇಕು’ ಎಂಬ ಅರಸನ ಕೊನೆಯ ಮಾತನ್ನು ಮಾತ್ರ ಒಡಿಸ್ಸಿಯಸ್ ಜಾಣತನದಿಂದ ನುಂಗಿಕೊಳ್ಳುತ್ತಾನೆ. ಅರಸ ಆಡಿದ ಮಾತು, ಒಡಿಸ್ಸಿಯಸ್ ತಲುಪಿಸಿದ ಮಾತು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಬಿಟ್ಟುಹೋದದ್ದನ್ನು ವಿದ್ಯಾರ್ಥಿಗಳೇ ಹುಡುಕುವಂತೆ ಮಾಡಿ. ಅಕಿಲೀಸನನ್ನು ಸಾಕಿ ಬೆಳೆಸಿದ ಫೀನಿಕ್ಸ್ ಕಣ್ಣೀರಿಡುತ್ತ ಹಳೆಯ ಕಥೆಗಳನ್ನು ಹೇಳುತ್ತಾನೆ. ಮೂರನೆಯವನಾದ ಏಜಾಕ್ಸನ ಮಾತು ಎಲ್ಲಕ್ಕಿಂತ ಚಿಕ್ಕದು. ಆದರೂ ಬೆಳಗಾದರೆ ಊರಿಗೆ ಹೊರಡುವೆನೆಂದಿದ್ದ ಅಕಿಲೀಸ್, ಶತ್ರುಪಕ್ಷದ ವೀರ ಹೆಕ್ಟರ್ ತನ್ನ ಹಡಗುಗಳವರೆಗೆ ಬಂದರೆ ತಡೆಯುವೆನೆಂಬಷ್ಟಕ್ಕೆ ಇಳಿಯುವುದು ಆ ಮಾತಿನ ನಂತರವೇ.

ತರ್ಕ, ಭಾವ, ಮಾತುಗಾರನ ವ್ಯಕ್ತಿತ್ವ ಎಂಬ ಅರಿಸ್ಟಾಟಲನ ಮೂರು ಸಾಧನಗಳನ್ನು ಇದಾದ ಮೇಲಷ್ಟೇ ಪರಿಚಯಿಸಿ. ಮೊದಲೇ ಹೇಳಿದರೆ ಅವು ಬಾಯಿಪಾಠದ ಸರಕಾಗುತ್ತವೆ.

ಬಳಿಕ ನಾಲ್ಕನೆಯ ದೂತರಾಗಿ 2 ನಿಮಿಷದ ಇಂಗ್ಲಿಷ್ ಭಾಷಣ ಬರೆಯಲು ಹೇಳಿ. ಸುಮಾರು 250 ಪದಗಳು ಸಾಕು. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಉಸಿರು ಸಾಲದ ಕಡೆ ವಾಕ್ಯವನ್ನು ಒಡೆಸಿ. ಒಬ್ಬ ವಿದ್ಯಾರ್ಥಿ ಅಕಿಲೀಸನಾಗಿ ಕುಳಿತು ಕೇಳಲಿ. ಅಂಕ ಕೊಡುವ ಬದಲು, ತನ್ನ ಮನಸ್ಸು ಯಾವ ವಾಕ್ಯಕ್ಕೆ ಕದಲಿತು, ಯಾವುದಕ್ಕೆ ಇನ್ನಷ್ಟು ಕೆರಳಿತು ಎಂಬುದನ್ನು ಹೇಳಲಿ.