ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ಓದೋದು ಹೇಗೆ

ನಿಮ್ಮೂರ ಕೆರೆ ಏರಿ ಮೇಲೋ ಹಳೇ ಗುಡಿ ಪಕ್ಕದಲ್ಲೋ ಅರ್ಧ ಮಣ್ಣಲ್ಲಿ ಹೂತೋಗಿರೋ ಒಂದು ಕಲ್ಲು ಇರಬಹುದು ನೋಡಿ, ಕತ್ತಿ ಹಿಡ್ದಿರೋನೊಬ್ಬ, ಅವನ ಮೇಲೆ ಇನ್ನೊಂದಿಷ್ಟು ಗೊಂಬೆಗಳು, ತುದೀಲಿ ಸೂರ್ಯ ಚಂದ್ರ. ಚಿಕ್ಕೋರಿದ್ದಾಗ ಅದ್ರ ಮೇಲೆ ಕೂತು ಆಡಿರ್ತೀವಿ, ಯಾರದು ಅಂತ ಕೇಳಿರಲ್ಲ. ಅದೇ ವೀರಗಲ್ಲು, ಕಾದಾಡಿ ಸತ್ತೋನ ನೆನಪಿಗೆ ನಿಲ್ಲಿಸಿದ ಕಲ್ಲು. ನಾನು ಸುಮಾರು ವರ್ಷದಿಂದ ಇಂಥ ಕಲ್ಲು ಹುಡುಕ್ಕೊಂಡು ಓಡಾಡ್ತಿದೀನಿ, ಹೇಗೆ ಓದ್ತೀರ ಅಂತ ಕೇಳೋರಿಗೆಲ್ಲ ಸೇರಿಸಿ ಇಲ್ಲಿ ಬರೀತಿದೀನಿ. ಹಳಗನ್ನಡ ಲಿಪಿ ಬರಲ್ಲ ಅಂತ ಹಿಂಜರೀಬೇಡಿ, ಕಥೆಯ ದೊಡ್ಡ ಭಾಗ ಚಿತ್ರದಲ್ಲೇ ಇದೆ.

ಮೊದಲು ಹೋಗೋ ಟೈಮು. ನಡುಮಧ್ಯಾಹ್ನ ಹೋದ್ರೆ ಏನೂ ಕಾಣಲ್ಲ, ಬಿಸಿಲು ನೆತ್ತಿ ಮೇಲಿದ್ರೆ ಸವೆದಿರೋ ಕಲ್ಲು ಬರೀ ಬೋಳು ಬಂಡೆ ಥರ ಇರತ್ತೆ. ಬೆಳಿಗ್ಗೆ ಎಳೆ ಬಿಸಿಲಲ್ಲಿ ಇಲ್ಲಾ ಸಂಜೆ ಹೋಗಿ, ಬೆಳಕು ಓರೆಯಾಗಿ ಬಿದ್ದಾಗ ಮೂಗು, ಬಳೆ, ಕತ್ತಿ ಹಿಡಿ ಎಲ್ಲಾ ಎದ್ದು ಬರತ್ತೆ. ಕತ್ತಲಾಗಿದ್ರೆ ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕಕ್ಕೆ ಅಂಟಿಸಿದ ಹಾಗೆ ಹಿಡೀರಿ, ಎದುರಿಂದ ಬಿಡಬೇಡಿ. ಸೀಮೆಸುಣ್ಣ, ಎಣ್ಣೆ, ಅರಿಶಿನ ಏನೂ ಹಚ್ಚಬೇಡಿ ದಯವಿಟ್ಟು, ಮೆತ್ತನೆ ಬ್ರಶ್ಶು, ಸ್ವಲ್ಪ ನೀರು ಸಾಕು.

ಈಗ ಓದೋದು. ಪುಸ್ತಕದ ಹಾಗೆ ಮೇಲಿಂದ ಶುರು ಮಾಡಿದ್ರೆ ಕಥೆ ಉಲ್ಟಾ ಆಗತ್ತೆ, ಬುಡದಿಂದ ಹತ್ತಬೇಕು. ಸಾಮಾನ್ಯವಾಗಿ ಮೂರು ಪಟ್ಟಿ ಇರತ್ತೆ. ಕೆಳಗಿನ ಪಟ್ಟೀಲಿ ಜಗಳ. ಹಿಂದೆ ಹಸುಗಳ ಸಾಲಿದ್ರೆ ಅದು ತುರುಗೋಳು, ಅಂದ್ರೆ ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಕಾದಾಡಿ ಸತ್ತೋನು. ಹುಲಿನೋ ಹಂದಿನೋ ಇದ್ರೆ ಬೇಟೆ. ಆನೆ ಕುದುರೆ ತುಂಬಿದ್ರೆ ದೊಡ್ಡ ಯುದ್ಧ, ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲಿ ಬೇಗೂರಿಂದ ತಂದಿರೋ ಗಂಗರ ಕಾಲದ ಕಲ್ಲು ಹಾಗೇ ಇದೆ, ನಿಂತ್ಕೊಂಡು ನೋಡಿದ್ರೆ ಕಾಲಡಿ ಬಿದ್ದೋರು ಎಷ್ಟು ಅಂತ ಲೆಕ್ಕ ಸಿಗಲ್ಲ. ನಮ್ಮ ವೀರ ಸಾಧಾರಣವಾಗಿ ಎಲ್ಲರಿಗಿಂತ ದೊಡ್ಡದಾಗಿ ಇರ್ತಾನೆ.

ಎರಡನೇ ಪಟ್ಟಿ ಹತ್ರ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ನನಗೆ ಇಡೀ ಕಲ್ಲಲ್ಲಿ ಮುಖ್ಯ ಅನ್ಸೋದು ಅದೇ. ಎಡಕ್ಕೊಬ್ಬಳು ಬಲಕ್ಕೊಬ್ಬಳು ಅಪ್ಸರೆ, ನಡುವೆ ಅವನು, ಭುಜಕ್ಕೆ ಕೈ ಕೊಟ್ಟು ಎತ್ಕೊಂಡು ಹೋಗ್ತಿರ್ತಾರೆ. ಈಗ ಮತ್ತೆ ಕೆಳಗೆ ನೋಡಿ, ಅಲ್ಲಿ ಕತ್ತಿ ಎತ್ತಿ ನಿಂತಿದಾನೆ, ಇಲ್ಲಿ ಗಾಳೀಲಿದಾನೆ, ಸತ್ತ ಗಳಿಗೆ ಎಲ್ಲಿ? ಎಷ್ಟೋ ಕಲ್ಲಲ್ಲಿ ಅದಿಲ್ಲ. ಎರಡು ಪಟ್ಟಿ ನಡುವೆ ಒಂದು ದಪ್ಪ ಗೆರೆ ಇರತ್ತಲ್ಲ, ಸಾವು ಆ ಗೆರೆ ಒಳಗಡೆ ಹೋಗ್ಬಿಟ್ಟಿದೆ. ನೋವು ರಕ್ತ ನೀರು ಕೇಳಿದ್ದು ಯಾವುದೂ ಇಲ್ಲ. ಕೆತ್ತಿಸಿದೋರಿಗೆ ಅದು ಗೊತ್ತಿರ್ಲಿಲ್ಲ ಅಂತಲ್ಲ, ಹೆಣ ಹೊತ್ತೋರು ಅವರೇ. ಅದನ್ನೇ ದಿನಾ ನೋಡ್ಕೊಂಡು ಬದುಕೋಕಾಗಲ್ಲ ಅಂತ ಅಪ್ಸರೆಯರನ್ನ ಕರೆಸಿದಾರೆ ಅನ್ಸತ್ತೆ ನನಗೆ.

ಮೂರನೇ ಪಟ್ಟೀಲಿ ಕೈಲಾಸ, ಲಿಂಗ, ನಂದಿ, ಪೂಜಾರಿ, ಪಕ್ಕದಲ್ಲಿ ವೀರ ಆರಾಮಾಗಿ ಕೂತಿರ್ತಾನೆ, ಜೈನನಾಗಿದ್ರೆ ಲಿಂಗದ ಜಾಗದಲ್ಲಿ ಜಿನ. ಮೇಲಿನ ಸೂರ್ಯ ಚಂದ್ರ ಅಂದ್ರೆ ಆಚಂದ್ರಾರ್ಕ, ಅವೆರಡು ಇರೋ ತನಕ ಇವನ ಹೆಸರು ಇರ್ಲಿ ಅಂತ.

ಅಕ್ಷರ ಇದ್ರೆ ಪಟ್ಟಿಗಳ ನಡುವಿನ ಗೆರೆ ಮೇಲೆ ಹುಡುಕಿ. ಪೂರ್ತಿ ಓದೋಕೆ ಬರದಿದ್ರೂ ಕ್ರಿಯಾಪದ ಒಂದನ್ನ ಹಿಡೀರಿ. ಹಳೇ ಕಲ್ಲುಗಳು ಸೀದಾ ‘ಸತ್ತಂ’ ಅಂತ ಹೇಳ್ಬಿಡತ್ತೆ, ಇನ್ನು ಕೆಲವು ‘ಸುರಲೋಕ ಪ್ರಾಪ್ತನಾದಂ’ ಅನ್ನತ್ತೆ. ಬೇಗೂರಿನ ನಾಗನಾಥೇಶ್ವರ ಗುಡೀಲಿ ಸುಮಾರು 890ರ ಶಾಸನ ಇದೆ, ಬೆಂಗಳೂರಿನ ಕಾಳೆಗದಲ್ಲಿ ಸತ್ತೋರ ಬಗ್ಗೆ, ಬೆಂಗಳೂರು ಅನ್ನೋ ಹೆಸರು ಅಷ್ಟು ಹಳೇದು ಅಂತ ನಮಗೆ ಗೊತ್ತಾಗಿರೋದೇ ಆ ಸಾವಿನಿಂದ. ಆಮೇಲೆ ಭೂಮಿ ಕೊಟ್ಟಿದ್ದು ಬರೆದಿದೆಯಾ ನೋಡಿ. ನೆತ್ತರುಗೊಡಗಿ ಅಂತ ಒಂದು ಪದ, ಸತ್ತೋನ ಮನೆಯವರಿಗೆ ಬಿಟ್ಟ ಜಮೀನು. ಆ ಪದ ಸಿಕ್ಕಿದ ದಿನ ನನಗೆ ಕಲ್ಲಿನ ಹಿಂದೆ ಒಂದು ಮನೆ ಕಂಡಿತ್ತು, ಹೆಂಡತಿ ಮಕ್ಕಳು ಮುಂದಿನ ವರ್ಷದ ರಾಗಿ ಎಲ್ಲಾ.

ಕೆಲವು ಕಲ್ಲಲ್ಲಿ ಒಂದು ಸಂಸ್ಕೃತ ಶ್ಲೋಕಾನೂ ಇರತ್ತೆ, ಬಾಯಿಪಾಠ ಮಾಡ್ಕೊಂಡ್ರೆ ಕಂಡ ತಕ್ಷಣ ಗುರುತು ಸಿಗತ್ತೆ:

ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ
ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ

ಗೆದ್ರೆ ಲಕ್ಷ್ಮಿ, ಸತ್ರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಹೋಗೋ ಮೈ ಇದು, ಯುದ್ಧದಲ್ಲಿ ಸಾಯೋಕೆ ಏನು ಚಿಂತೆ. ಇದನ್ನ ನಿಧಾನಕ್ಕೆ ಓದಿ. ಹೇಗಿದ್ರೂ ಸಾಯ್ತೀವಿ ಅನ್ನೋ ಅರಿವೇ ಇಲ್ಲಿ ಬಂಡವಾಳ, ಆ ಭಯ ಇಲ್ದಿದ್ರೆ ಈ ಶ್ಲೋಕಕ್ಕೆ ಕೆಲಸಾನೇ ಇರ್ತಿರ್ಲಿಲ್ಲ. ಸತ್ತೋನಿಗೆ ಇದು ಬೇಕಾಗಿಲ್ಲ, ಅವನು ಹೋಗಾಯ್ತು, ಇದು ನಾಳೆ ಹೋಗಬೇಕಾದ ಹುಡುಗನಿಗೆ, ದನ ಕಾಯ್ಕೊಂಡು ಆ ದಾರೀಲಿ ದಿನಾ ಓಡಾಡೋನಿಗೆ. ಹಾಗಾಗಿ ಪ್ರತಿ ಕಲ್ಲಿನ ಮುಂದೆ ಎರಡು ಪ್ರಶ್ನೆ ಕೇಳಿ: ಯಾರು ಸತ್ತರು, ಯಾರಿಗೆ ಹೇಳ್ತಿದಾರೆ.

ಈ ಪ್ರಶ್ನೆ ಇಟ್ಕೊಂಡು ಆತಕೂರಿನ ಕಲ್ಲು ನೋಡಿ, ಮದ್ದೂರು ಕಡೇದು, ಈಗ ಬೆಂಗಳೂರಿನ ಅದೇ ಮ್ಯೂಸಿಯಮ್ಮಲ್ಲಿದೆ, ಕಾಲ ಸುಮಾರು 950. ಚೋಳರ ಜೊತೆ ನಡೆದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನೋ ವೀರನಿಗೆ ಗಂಗರ ರಾಜ ಬೂತುಗ ಏನು ಬೇಕು ಕೇಳು ಅಂದ, ಅವನು ಕೇಳಿದ್ದು ಕಾಳಿ ಅನ್ನೋ ನಾಯೀನ. ಆ ನಾಯಿ ಆಮೇಲೆ ದೊಡ್ಡ ಹಂದಿ ಜೊತೆ ಕಾದಾಡಿ ಎರಡೂ ಸತ್ತವು, ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡ್ದೆ ಉಂಡ್ರೆ ಪಾಪ ಅಂತ ಬರೆಸಿದಾರೆ. ನಾಯಿಗೆ ಶ್ಲೋಕ ಬೇಡ, ಸ್ವರ್ಗದ ಆಸೆ ಇಲ್ಲ. ಅಲ್ಲಿರೋದು ಬರೀ ಕಳ್ಕೊಂಡಿರೋ ಒಬ್ಬ ಮನುಷ್ಯ. ಆ ಕಲ್ಲಿನ ಮುಂದೆ ನನಗೆ ಪ್ರತಿ ಸಲ ಗಂಟಲು ಕಟ್ಟತ್ತೆ.

ಎಲ್ಲಾ ಕಲ್ಲಿಗೂ ಹೀಗೆ ಕೈಮುಗಿಯೋಕಾಗಲ್ಲ ಅನ್ನೋದನ್ನೂ ಹೇಳಲೇಬೇಕು. ಕಂಬದಿಂದ ಒಂದು ತೋಳು ಹೊರಗೆ ಬಂದಿದ್ದು, ಕೈತುಂಬ ಬಳೆ, ಅಂಗೈ ತೆರೆದಿದ್ರೆ ಅದು ಮಾಸ್ತಿಕಲ್ಲು, ಗಂಡನ ಚಿತೆ ಹತ್ತಿದವಳದು. ಹಳೇಬೀಡಲ್ಲಿ ಹೊಯ್ಸಳೇಶ್ವರ ಗುಡಿ ಪಕ್ಕದ ಗರುಡಗಂಬದ ಮೇಲೆ ಹೊಯ್ಸಳ ರಾಜ ಇಮ್ಮಡಿ ಬಲ್ಲಾಳನ ಆಳು ಕುವರಲಕ್ಷ್ಮನ ಕಥೆ ಇದೆ, ಒಡೆಯ ಸತ್ತ ಅಂತ ತಾನೂ ತನ್ನ ಹೆಂಡತಿ, ಜೊತೆಗಾರರೂ ಪ್ರಾಣ ಕೊಟ್ಟಿದ್ದು, ತಲೆ ಕಡ್ಕೊಳ್ಳೋರ ಚಿತ್ರ ಈಗಲೂ ಕಾಣತ್ತೆ. ಅವರ ಧೈರ್ಯ ದೊಡ್ಡದೇ, ಆದ್ರೆ ಬೇಡ ಅನ್ನೋ ದಾರಿ ಅವರಿಗಿತ್ತಾ ಅಂತ ಕಲ್ಲು ಹೇಳಲ್ಲ. ನೀವು ಕೇಳಿ.

ಇದೆಲ್ಲಾ ಹಳೇ ಕಾಲದ್ದು ಅನ್ಕೋಬೇಡಿ. 2021ರ ಅಕ್ಟೋಬರ್ 29ರಂದು ಅಪ್ಪು 46ನೇ ವಯಸ್ಸಲ್ಲಿ ಹೋದಾಗ ನಾವೆಲ್ಲ ಏನು ಮಾಡಿದ್ವಿ? ನಿನ್ನೆ ತನಕ ಸ್ಟಾರ್ ಆಗಿದ್ದೋರು ಒಂದೇ ದಿನಕ್ಕೆ ದೇವರ ಫೋಟೋ ಪಕ್ಕ ಬಂದ್ರು, ಆಟೋ ಹಿಂದೆ ರೆಕ್ಕೆ ಹಚ್ಚಿದ ಚಿತ್ರ ಬಂತು. ಅದೂ ಎರಡನೇ ಪಟ್ಟೀನೇ. ವ್ಯತ್ಯಾಸ ಏನಂದ್ರೆ ಅವರ ಕಣ್ಣು ದಾನ ಆಗಿ ಬೇರೆಯೋರಿಗೆ ದೃಷ್ಟಿ ಬಂತು, ಅದನ್ನ ನೋಡಿ ಎಷ್ಟೋ ಜನ ತಾವೂ ಫಾರ್ಮ್ ತುಂಬಿದ್ರು. ಈ ಕಲ್ಲು ನಾಳಿನ ಹುಡುಗನಿಗೆ ಸಾಯಿ ಅನ್ನಲ್ಲ, ಅದಕ್ಕೇ ನನಗೆ ಇಷ್ಟ.

ಕಲ್ಲು ನೋಡಾದ್ಮೇಲೆ ಫೋಟೋ ತೆಗೆದು ಲೊಕೇಶನ್ ಗುರುತು ಮಾಡ್ಕೊಳ್ಳಿ, ನಮ್ಮ ಶಾಸನಗಳನ್ನೆಲ್ಲ ಸೇರಿಸಿ ಅಚ್ಚು ಮಾಡಿರೋ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಿಮ್ಮ ತಾಲೂಕು ತೆಗೆದು ಊರ ಹೆಸರು ಹುಡುಕಿ, ಸಿಕ್ರೆ ಪೂರ್ತಿ ಪಾಠ ಅಲ್ಲೇ ಇರತ್ತೆ. ರಸ್ತೆ ಅಗಲ ಮಾಡೋ ಕೆಲಸ ಬಂದಾಗ ಮೊದಲು ಹೋಗೋದು ಇಂಥ ಕಲ್ಲೇ, ಊರವರಿಗೆ ಇದು ಏನು ಅಂತ ಹೇಳಿಡಿ.

ನಮ್ಮಜ್ಜಿ ಊರಲ್ಲಿರೋ ಕಲ್ಲಲ್ಲಿ ಅಕ್ಷರ ಪೂರ್ತಿ ಅಳಿಸಿದೆ, ಹೆಸರು ಇನ್ನು ಸಿಗಲ್ಲ. ಕೆಳಗಿನ ಪಟ್ಟೀಲಿ ನಾಲ್ಕು ಹಸು, ಕೊನೇ ಹಸು ತಲೆ ತಿರುಗಿಸಿ ಹಿಂದಕ್ಕೆ ಅವನ ಕಡೆ ನೋಡ್ತಿದೆ, ಅಜ್ಜಿ ಯುಗಾದಿಗೆ ಹೂವಿಡೋವಾಗ ಅವನಿಗೊಂದು, ಆ ಹಸುಗೊಂದು ಇಡ್ತಿದ್ಲು.