ಬೆನೆ ಇಸ್ರೇಲರ ನೆನಪುಗಳನ್ನು ದಾಖಲಿಸಿದ ನನ್ನ ಅನುಭವ

ಮುಂಬಯಿಯಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದ ನಾನು ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ನೆನಪುಗಳನ್ನು ಅವರ ಜೊತೆಗೇ ಕುಳಿತು ಸಂಗ್ರಹಿಸುವ ಕೆಲಸಕ್ಕೆ ಕೈಹಾಕಿದಾಗ, ಈ ಸಂಶೋಧನೆ ಯಾರ ಯಹೂದಿತನವನ್ನೂ ಪರೀಕ್ಷೆಗೆ ಒಡ್ಡಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಇದಕ್ಕೆ ಬಲವಾದ ಕಾರಣವಿತ್ತು. 1948ರ ನಂತರ ಇಸ್ರೇಲಿಗೆ ವಲಸೆ ಹೋದ ಈ ಜನರ ಮದುವೆಗಳ ವಿಷಯದಲ್ಲಿ ಅಲ್ಲಿನ ಧರ್ಮಾಧಿಕಾರಿಗಳು ವಂಶದ ಬಗ್ಗೆ ಸಂಶಯ ಎತ್ತಿದ್ದರು. ದೀರ್ಘ ಪ್ರತಿಭಟನೆಯ ಬಳಿಕ, 1964ರಲ್ಲಿ, ಅವರು ಎಲ್ಲ ವಿಧದಲ್ಲೂ ಯಹೂದಿಗಳೇ ಎಂದು ಅಲ್ಲಿನ ಸಂಸತ್ತಿನಲ್ಲಿ ಘೋಷಣೆಯಾಯಿತು. ಆ ನೋವನ್ನು ಇಂದಿಗೂ ಮರೆಯದ ಹಿರಿಯರ ಮುಂದೆ ಪ್ರಶ್ನಾವಳಿ ಹಿಡಿದು ಕೂರುವುದು ನನಗೆ ಸರಿಯೆನಿಸಲಿಲ್ಲ.

ಆದ್ದರಿಂದ ರಾಯಗಡ ಜಿಲ್ಲೆಯ ದೊಡ್ಡ ನಕಾಶೆಯೊಂದನ್ನು ಮೇಜಿನ ಮೇಲೆ ಹಾಸಿ ಮಾತು ಆರಂಭಿಸುತ್ತಿದ್ದೆ. ದಿವೇಕರ್, ಪೇಣ್ಕರ್, ರೋಹೇಕರ್ ಮುಂತಾದ ಅಡ್ಡಹೆಸರುಗಳಲ್ಲಿ ಊರಿನ ಹೆಸರೇ ಅಡಗಿರುವುದರಿಂದ ಪ್ರತಿಯೊಬ್ಬರೂ ತಮ್ಮ ಊರನ್ನು ಬೆರಳಿಟ್ಟು ತೋರಿಸುತ್ತಿದ್ದರು, ಮಾತು ತಾನಾಗಿ ಹರಿಯುತ್ತಿತ್ತು: ಅಲಿಬಾಗ್ ಬಳಿಯ ನವಗಾಂವ್ ತೀರದಲ್ಲಿ ತಮ್ಮ ಪೂರ್ವಜರ ಹಡಗು ಒಡೆದು ಏಳು ಜೋಡಿಗಳಷ್ಟೇ ಬದುಕುಳಿದ ಕಥೆ, ಎಣ್ಣೆಗಾಣದ ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಬಂದ 'ಶನಿವಾರ್ ತೇಲಿ' ಎಂಬ ಹೆಸರು. ನಾನು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಇದನ್ನು ನಿಮಗೆ ಹೇಳಿದವರು ಯಾರು, ಯಾವ ಸಂದರ್ಭದಲ್ಲಿ?

ಸಂಗ್ರಹಿಸಿದ್ದನ್ನು ಸಮುದಾಯದ ಮುಂದೆಯೇ, ಸಾರ್ವಜನಿಕ ಸಭೆಯಲ್ಲಿ, ಅವರ ಮನೆಮಾತಾದ ಮರಾಠಿಯಲ್ಲಿ ಓದಿ ಹೇಳಿದಾಗಲೇ ಕೆಲಸಕ್ಕೆ ಜೀವ ಬಂದದ್ದು. ಕನ್ನಡಿಗನಾದ ನನ್ನನ್ನು ಹೆಚ್ಚು ಸೆಳೆದದ್ದು ಸಾಮುವೆಲ್ ದಿವೇಕರರ ಪ್ರಸಂಗ. ಬ್ರಿಟಿಷ್ ಸೈನ್ಯದಲ್ಲಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದರೆಂದೂ, ಬೆನೆ ಇಸ್ರೇಲ್ ಎಂಬ ಹೆಸರು ಕೇಳಿದ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಿದರೆಂದೂ, ಬದುಕಿ ಮರಳಿದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆಂದು ಅವರು ಹರಕೆ ಹೊತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಮುಂಬಯಿಯಲ್ಲಿ 1796ರಲ್ಲಿ ಅವರು ಸ್ಥಾಪಿಸಿದ ಸಿನಗಾಗ್ ಇಂದಿಗೂ ಉಳಿದಿದೆ, ಮೂಲ ಜಾಗದಲ್ಲಲ್ಲದಿದ್ದರೂ. ಆದರೆ ಸಮುದಾಯದ ಇತಿಹಾಸವನ್ನು ಬರೆದ ಹಯೀಮ್ ಸಾಮುವೆಲ್ ಕೆಹಿಮ್ಕರ್ ಹತ್ತೊಂಬತ್ತನೆಯ ಶತಮಾನದ ಕೊನೆಯವರು. ಅವರ ಗ್ರಂಥ ಅಚ್ಚಾದದ್ದು 1937ರಲ್ಲಿ. ಘಟನೆಗೂ ಬರಹಕ್ಕೂ ನಡುವಿನ ನೂರು ವರ್ಷಗಳ ಅಂತರವನ್ನು ನಾನು ಸಭೆಯಲ್ಲಿ ಮುಚ್ಚಿಡಲಿಲ್ಲ. ಯಾರೂ ಸಿಟ್ಟಾಗಲಿಲ್ಲ, ಬದಲಿಗೆ, ಒಂದೇ ಕಥೆ ತಮ್ಮ ಮನೆಗಳಲ್ಲಿ ಬೇರೆ ಬೇರೆ ರೀತಿ ಉಳಿದಿರುವುದನ್ನು ಒಬ್ಬರಾದ ಮೇಲೊಬ್ಬರು ಎದ್ದು ಹೇಳತೊಡಗಿದರು. ಅಂಥ ಪಾಠಾಂತರಗಳು ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ.

ಯುವಕರ ಪ್ರಶ್ನೆ ಹೆಚ್ಚಾಗಿ ಡಿಎನ್‌ಎ ಕುರಿತಾಗಿರುತ್ತಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇವರಲ್ಲಿ ಯಹೂದಿ ಮತ್ತು ಭಾರತೀಯ, ಎರಡೂ ಮೂಲಗಳ ಗುರುತುಗಳಿವೆ ಎಂದು ತೋರಿಸಿದೆ. ಇದನ್ನು ತಿಳಿಸುವಾಗಲೆಲ್ಲ, ಪ್ರಯೋಗಾಲಯದ ಫಲಿತಾಂಶದಿಂದ ಯಾರ ಧರ್ಮವೂ ನಿರ್ಣಯವಾಗುವುದಿಲ್ಲವೆಂಬ ನನ್ನ ಅಭಿಪ್ರಾಯವನ್ನೂ ಸ್ಪಷ್ಟವಾಗಿ ಹೇಳಿದ್ದೇನೆ. ಇದೇ ಯುವಕರು ಮಲಿದಾ ವಿಧಿಯ ದಾಖಲಾತಿಗೆ ಉತ್ಸಾಹದಿಂದ ಬಂದರು. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ತಟ್ಟೆಯಲ್ಲಿ ರಾಶಿ ಮಾಡಿ, ಸುತ್ತ ಹಣ್ಣುಗಳನ್ನಿಟ್ಟು, ಪ್ರವಾದಿ ಎಲಿಯಾಹುವನ್ನು ಸ್ಮರಿಸಿ ಹಾಡುವ ಈ ವಿಧಿ ಬೆನೆ ಇಸ್ರೇಲರ ವಿಶಿಷ್ಟ ಆಚರಣೆ. ಅಜ್ಜಿಯರು ಕೈಯಳತೆಯಲ್ಲಿ ಬೆರೆಸುತ್ತಿದ್ದಂತೆ ಮೊಮ್ಮಕ್ಕಳು ಚಿತ್ರೀಕರಿಸಿದರು, ನಡುನಡುವೆ ತಡೆದು ಕಾರಣ ಕೇಳಿದರು. ಅಂದು ನಾನು ಬಾಯಿ ತೆರೆಯುವ ಅಗತ್ಯವೇ ಬರಲಿಲ್ಲ.

ಧ್ವನಿಮುದ್ರಣಗಳ ಒಂದು ಪ್ರತಿ ಆಯಾ ಮನೆಗೇ ಸೇರಬೇಕೆಂಬುದು ನಮ್ಮ ನಿಯಮ. ಇಸ್ರೇಲಿನಲ್ಲಿರುವ ಬಂಧುಗಳು ಅವನ್ನು ಕೇಳಿ ತಮಗೆ ತಿಳಿದದ್ದನ್ನು ಸೇರಿಸಿ ಕಳುಹಿಸುತ್ತಾರೆ. ಬೈಬಲ್ಲಿನ ಕಥೆಗಳನ್ನು ಮರಾಠಿ ಕೀರ್ತನೆಯಾಗಿ ಹಾಡುವ ಸಂಪ್ರದಾಯ ಇವರಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಬಂದಿದ್ದು, ಅದನ್ನು ಬಲ್ಲ ಮಹಿಳೆಯರು ಈಗ ವೃದ್ಧರಾಗಿದ್ದಾರೆ. ಆ ಹಾಡುಗಳ ಧ್ವನಿಮುದ್ರಣ ಸದ್ಯ ನಡೆಯುತ್ತಿದೆ.