ಗೋಡೆ ಬಣ್ಣ ಮೊದಲು ಡ್ರಾಯಿಂಗ್ ಶೀಟಿಗೆ ಹಚ್ಚಿ ನೋಡಿ
ಮನೆಯ ಹಾಲ್‌ನ ಗೋಡೆಗೆ ಕೆನೆ ಬಣ್ಣವೋ ತಿಳಿ ನೀಲಿಯೋ ಅಂತ ಗೊಂದಲವಿದ್ದರೆ ಬರೀ ಶೇಡ್ ಕಾರ್ಡ್ (ಬಣ್ಣಗಳ ಸಣ್ಣ ಮಾದರಿ ಇರುವ ಕಾರ್ಡ್) ನಂಬಬೇಡಿ. ಎರಡರ ಸ್ಯಾಂಪಲ್ ತಂದು ದೊಡ್ಡ ಬಿಳಿ ಡ್ರಾಯಿಂಗ್ ಶೀಟುಗಳಿಗೆ ಎರಡೆರಡು ಕೋಟ್ ಹಚ್ಚಿ. ಸುತ್ತ ಎರಡು ಬೆರಳಷ್ಟು ಬಿಳಿ ಅಂಚು ಬಿಡಿ, ಇಲ್ಲದಿದ್ದರೆ ಹಳೆ ಗೋಡೆಯ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಒಣಗಿದ ಮೇಲೆ ಗೋಡೆಗೆ ಅಂಟಿಸಿ ಬೆಳಿಗ್ಗೆ, ಸಂಜೆ, ರಾತ್ರಿ ಲೈಟ್ ಹಾಕಿ ನೋಡಿ. ಬೆಳಕು ಬದಲಾದರೆ ಬಣ್ಣವೂ ಬದಲು: ಪಶ್ಚಿಮದ ಕಿಟಕಿಯ ಸಂಜೆ ಬಿಸಿಲಿಗೆ ಕೆನೆ ಬಣ್ಣ ಅರಿಶಿನ ಬಳಿದ ಹಾಗೆ ಕಾಣುತ್ತದೆ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್‌ಇಡಿಗೆ ತಣ್ಣಗೆ ಕಾಣುವ ನೀಲಿ, 3000ದ ಹಳದಿ ಬಲ್ಬಿಗೆ ಬೂದಿ ಬೂದಿ. (ನೀಲಿ ಹಚ್ಚಿದರೆ ನಮ್ಮ ಬಳ್ಳಾರಿ ಸೆಕೆ ಕಮ್ಮಿ ಆಗಲ್ಲ ಬಿಡಿ, ತಂಪು ಕಣ್ಣಿಗಷ್ಟೇ.) ನೆಲ ಇನ್ನೂ ಹಾಕಿಸಿಲ್ಲ ಅಂದ್ರೆ ಈ ಉಪಾಯ ಕೈಕೊಡುತ್ತದೆ, ಯಾಕಂದ್ರೆ ಆಮೇಲೆ ಹಾಕಿಸುವ ಕೆಂಪು ನೆಲದ ಛಾಯೆ ಗೋಡೆಗೂ ಬೀಳುತ್ತದೆ.